ಮೂರು ಬಂದೂಕಿನ ಮುದ್ರೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೋವಿ ಅಂದ್ರೆ ತೋಟ ಕಾಯುವ ಸಾಮಾನು. ಮಂಗ ಬಂತೋ, ಹಂದಿ ಬಂತೋ, ಒಂದು ಈಡು ಹೊಡೆದು ಸದ್ದು ಮಾಡಿದರೆ ಅದರ ಕೆಲಸ ಮುಗೀತು. ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡಿ ಚೀಟಿ ಇಸಕೊಂಡು ಬರೋದು, ಆಮೇಲೆ ಬಿಡಿಸಿಕೊಂಡು ಬರೋದು, ಅಷ್ಟೇ. ಕೊಡಗಿನ ಕಥೆ ಬೇರೆ. ಅಲ್ಲಿ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ. ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದಮೇಲೆ ಪುಸ್ತಕ ಇಲ್ಲದೆ ಕೋವಿ ಇಲ್ಲ.

ಹಾಗಾಗಿ ವಾನಳ್ಳಿ ಕಡೆಯ ನೆಂಟರ ಮನೆಯಲ್ಲಿ ಗುರಿ ಸ್ಪರ್ಧೆಯ ರೈಫಲ್ ಕಂಡಾಗ ಆಶ್ಚರ್ಯವೇ ಆಯ್ತು. ಅಪ್ಪಚ್ಚಿಯ ಹೆಸರಿನಲ್ಲಿ ಒಂದು ಕೇಪಿನ ಕೋವಿ, ಒಂದು ಜೋಡಿ ನಳಿಗೆ, ಮತ್ತೊಂದು ಈ ಸಪೂರ ನಳಿಗೆಯದು. ‘ತಮಾ, ಇದು ಮಂಗ ಓಡ್ಸ ಕೋವಿ ಅಲ್ದಡ’ ಅಂದರು. ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ ಅವರ ತಂದೆ ತಂದದ್ದಂತೆ. ಪುಸ್ತಕದಲ್ಲಿ ಬರೆದದ್ದು ‘ಒಂಟಿ ನಳಿಗೆ’ ಅಂತ ಮಾತ್ರ.

ಮೈಮೇಲೆ ಇದ್ದ ಗುರುತು ಮಾತ್ರ ಚೊಕ್ಕಾಗಿ ಓದಲಿಕ್ಕೆ ಬರ್ತಿತ್ತು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕಿನ ಮುದ್ರೆ. ಅದು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಿಎಸ್‌ಎ. 1861ರಲ್ಲಿ ಅಲ್ಲಿಯ ಕೋವಿ ಕಮ್ಮಾರರು ಸೇರಿ ಕಟ್ಟಿದ ಕಂಪನಿ. ನಮ್ಮವರಿಗೆ ಅದರ ಸೈಕಲ್ಲು, ಮೋಟರ್‌ಸೈಕಲ್ಲೇ ಹೆಚ್ಚು ಗೊತ್ತು. ನಳಿಗೆಯ ಮೇಲೆ ಕಿರೀಟ, ಅದರ ಕೆಳಗೆ ಬಿವಿ, ಬಿಪಿ ಅಕ್ಷರ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ ಈ ಗುರುತು ಒತ್ತಿದ್ದು 1904ರಿಂದ 1954ರ ತನಕ, ಆಮೇಲಿನದು ಬಿಎನ್‌ಪಿ. ಅಂದರೆ ಕಾಲ ಸುಮಾರಾಗಿ ಸಿಕ್ಕಿತು.

ಕೆಳಗಿನ ಸನ್ನೆ ಎಳೆದರೆ ಒಳಗಿನ ಅಚ್ಚು ಹಿಂದಿನ ತುದಿಯ ಕೀಲಿನ ಮೇಲೆ ಬಗ್ಗಿ ಕೆಳಗಿಳಿಯುತ್ತದೆ. ಅಮೆರಿಕದ ಪೀಬಡಿ ಹುಟ್ಟಿಸಿದ್ದು, ಸ್ವಿಟ್ಜರ್‌ಲೆಂಡಿನ ಮಾರ್ಟಿನಿ ತಿದ್ದಿದ್ದು. ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡಿತು. ಸೈನ್ಯ ಅದನ್ನು ಬಿಟ್ಟಮೇಲೂ ಗುರಿಕಾರರು ಬಿಡಲಿಲ್ಲ. ಕುದುರೆ ಎಳೆದ ಕ್ಷಣಕ್ಕೂ ತೋಟಾ ಸಿಡಿವ ಕ್ಷಣಕ್ಕೂ ನಡುವೆ ಅಂತರ ಬಲು ಕಡಿಮೆ, ಕೈ ಅಲುಗಲಿಕ್ಕೆ ಪುರಸೊತ್ತೇ ಇಲ್ಲ. ಬೋಯರ್ ಯುದ್ಧದಲ್ಲಿ ರೈತರ ಗುರಿಗೆ ಸಿಕ್ಕು ಸುಸ್ತಾದ ಬ್ರಿಟನ್ನು, ಊರೂರಲ್ಲಿ ಸಣ್ಣ ರೈಫಲ್ ಕ್ಲಬ್ಬು ಕಟ್ಟಿತು. ಆ .22 ಚಳವಳಿಗೆ ಬೆನ್ನು ತಟ್ಟಿದ ಲಾರ್ಡ್ ರಾಬರ್ಟ್ಸ್ ಹುಟ್ಟಿದ್ದು ನಮ್ಮ ಕಾನ್ಪುರದಲ್ಲಿ! ಆ ಕ್ಲಬ್ಬುಗಳಿಗಾಗಿ ಬಿಎಸ್‌ಎ ಮಾಡಿದ ಮಾರ್ಟಿನಿಗಳ ಸಾಲಿನದೇ ಇದು.

ಈಗ ಗುರುತು ಹಿಡಿದದ್ದರ ಲಾಭ ಎಂತದು? 2019ರ ಡಿಸೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರಿಗೆ ಮೂರು ಕೋವಿಯ ಬದಲು ಎರಡೇ. ಮೂರನೆಯದು ಹೋಗಬೇಕು. ತೋಟಕ್ಕೆ ಬೇಡದ್ದು ಇದು, ಆದ್ದರಿಂದ ಹೋಗೋದು ಇದೇ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಆದರೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲಿಗೆ ಆ ಮಿತಿ ಇಲ್ಲ. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಏರ್ ರೈಫಲ್ ಹೊಡೆಯುವವಳು, ಕ್ಲಬ್ಬಿನ ಸದಸ್ಯೆ. ‘ಒಂಟಿ ನಳಿಗೆ’ ಅಂದರೆ ಅದು ತೋಟದ ಕೋವಿ, ‘.22 ರೈಫಲ್’ ಅಂದರೆ ಅವಳದ್ದು ಆಗಬಹುದು.

ಸುಧಾರಣೆ ಅಂದರೆ ಏನು ಮಾಡಬೇಕು ಅಂತ ಅವಳು ಕೇಳಿದಳು. ಹಳೇ ತೋಟಾದ ಕೇಪಿನ ಮಸಿ ನಳಿಗೆಯನ್ನು ತಿನ್ನುವಂಥದ್ದು, ಅದರ ಮೇಲೆ ನಮ್ಮ ಮಳೆಗಾಲ. ಮೊದಲು ಒಳಗಿನ ಸುರುಳಿ ಗೀರು ಉಳಿದಿದೆಯಾ ನೋಡಬೇಕು. ಬ್ರಿಟನ್ನಿನ ಪಾರ್ಕರ್-ಹೇಲ್ ಕಂಪನಿ ಸವೆದ ನಳಿಗೆಗೆ ಹೊಸ ಒಳನಳಿಗೆ ಕೂರಿಸಿ ಕೊಡುತ್ತಿತ್ತು. ಸಣ್ಣ ತೂತಿನೊಳಗಿಂದ ಇಣುಕುವ ಹಿಂದಿನ ಸೈಟಿಗೂ ಅದೇ ಹೆಸರುವಾಸಿ. ಈ ರೈಫಲಿನ ಪಕ್ಕದಲ್ಲಿ ಎರಡು ಸ್ಕ್ರೂ ತೂತು ಖಾಲಿ ಇವೆ. ಅಲ್ಲೊಂದು ಸೈಟ್ ಇದ್ದದ್ದು ಖಂಡಿತ. ಹೊಸ ಸೈಟ್, ಕೈಪಟ್ಟಿ, ಇಷ್ಟು ಸಾಕು ಅಂದೆ. ಹಿಡಿಯನ್ನು ಕೊರೆದು ಹೊಸಾ ಜರ್ಮನ್ ರೈಫಲಿನ ಹಾಗೆ ಮಾಡೋದು ನನಗೆ ಸರಿ ಕಾಣೋದಿಲ್ಲ. ಮುದ್ರೆ, ನಂಬರು ಉಜ್ಜಿ ಹೊಳಪು ಮಾಡುವುದಂತೂ ಅಪರಾಧ. ರಿಪೇರಿ ಕೂಡ ಲೈಸೆನ್ಸಿದ್ದವರ ಕೈಯಲ್ಲೇ ಆಗಬೇಕು, ಊರ ಆಚಾರಿಯ ಕೈಯಲ್ಲಲ್ಲ.

ಪುಸ್ತಕದ ವಿವರ ತಿದ್ದಲಿಕ್ಕೆ, ಅವಳ ಹೆಸರಿಗೆ ಲೈಸೆನ್ಸ್ ಕೇಳಲಿಕ್ಕೆ ಅರ್ಜಿ ಹೋಗಿದೆ. ಜೊತೆಗೆ ಮುದ್ರೆಗಳ ನಾಲ್ಕು ಫೋಟೋ ಇಟ್ಟಿದ್ದಾರೆ.