ಜನರದ್ದು ಎಂದು ಗೀಚಿದ ಬಟ್ಟಲು

ಪ್ರಾಚೀನ ಅಥೆನ್ಸಿನ ಜನ ಸೇರುತ್ತಿದ್ದ ಚೌಕ ಅಗೋರಾ. ಅಲ್ಲಿ 1931ರಿಂದ ಅಮೆರಿಕದ ಪುರಾತತ್ವಜ್ಞರು ನಡೆಸಿದ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಪಾತ್ರೆಗಳಲ್ಲಿ ಕಪ್ಪು ಹೊಳಪಿನ ಕೆಲವು ಸಾದಾ ಬಟ್ಟಲುಗಳಿವೆ. ಚಿತ್ರವಿಲ್ಲ, ಕುಸುರಿಯಿಲ್ಲ. ಡೆಲ್ಟಾ, ಎಪ್ಸಿಲಾನ್ ಎಂಬ ಎರಡು ಅಕ್ಷರಗಳನ್ನು ಒಂದಕ್ಕೊಂದು ಹೆಣೆದು ಮೈಮೇಲೆ ಗೀಚಿದ್ದಾರೆ, ಅಷ್ಟೆ. 'ಡೆಮೋಸಿಯಾನ್' ಪದದ ಮೊದಲ ಅಕ್ಷರಗಳವು. ಎಂದರೆ ಜನರದ್ದು, ಸಾರ್ವಜನಿಕ ಸೊತ್ತು.

ಇವು ನಗರಸಭೆಯವರು ಉಂಡು ಕುಡಿದ ಪಾತ್ರೆಗಳು. ಸಭೆಗೆ 500 ಸದಸ್ಯರು. ಹತ್ತು ಬಣಗಳಿಂದ ತಲಾ 50 ಜನ. ಹಳ್ಳಿಗೆ ಇಷ್ಟು ಎಂದು ಪಾಲು ಹಾಕಿ ಚೀಟಿ ಎತ್ತಿದಂತೆ ಆರಿಸುತ್ತಿದ್ದರು. ಹೆಂಗಸರಿಗೂ ಗುಲಾಮರಿಗೂ ಜಾಗವಿರಲಿಲ್ಲ, ಆ ಮಾತು ಬೇರೆ. ಒಂದೊಂದು ಬಣದ 50 ಜನ ವರ್ಷದ ಹತ್ತನೇ ಒಂದು ಭಾಗ ಆಡಳಿತದ ಉಸ್ತುವಾರಿ ಹೊತ್ತು, ಕ್ರಿ.ಪೂ. 470ರ ಸುಮಾರಿಗೆ ಕಟ್ಟಿದ ಥೋಲೋಸ್ ಎಂಬ ದುಂಡನೆಯ ಕಟ್ಟಡದಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ, ಅಥೆನ್ಸಿನ ಆಡಳಿತ ಕುರಿತ ಗ್ರಂಥ ಲೆಕ್ಕವನ್ನೂ ಕೊಡುತ್ತದೆ: ಸದಸ್ಯನಿಗೆ ದಿನಕ್ಕೆ ಐದು ಓಬಲ್, ಉಸ್ತುವಾರಿಯಲ್ಲಿದ್ದವನಿಗೆ ಊಟಕ್ಕೆಂದು ಇನ್ನೊಂದು. ಮೂರನೇ ಒಂದು ಪಾಲು ಸದಸ್ಯರು ರಾತ್ರಿಯೂ ಅಲ್ಲೇ ಇರಬೇಕು. ಅವರಲ್ಲೊಬ್ಬ ಒಂದು ಹಗಲು, ಒಂದು ರಾತ್ರಿ ಅಧ್ಯಕ್ಷ. ನಗರದ ಹಣ, ದಾಖಲೆಗಳಿದ್ದ ಗುಡಿಗಳ ಕೀಲಿಕೈ ಮತ್ತು ಮುದ್ರೆ ಅವನ ಕೈಯಲ್ಲಿ. ಮತ್ತೆ ಆ ಸರದಿ ಅವನಿಗೆ ಬಾರದು.

ನಮ್ಮಲ್ಲಿ ಉಡುಗೊರೆಯ ಸ್ಟೀಲ್ ಪಾತ್ರೆಗೆ ಕೊಟ್ಟವರ ಹೆಸರು ಕೊರೆಸುತ್ತಾರೆ. ಈ ಬಟ್ಟಲಿನ ಮೇಲೆ ಯಾರ ಹೆಸರೂ ಇಲ್ಲ. ಸದಸ್ಯರು ಮನೆಗೆ ಒಯ್ಯದಿರಲೆಂದು ಗೀಚಿದ ಗುರುತು ಎಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. ಖಜಾನೆಯ ಕೀಲಿಕೈ ಕೊಟ್ಟವರು ಬಟ್ಟಲಿನ ವಿಷಯದಲ್ಲಿ ಮಾತ್ರ ನಂಬಲಿಲ್ಲ! ನನಗೆ ಇದು ಅವಮಾನ ಅನ್ನಿಸುವುದಿಲ್ಲ. ದಿನಕ್ಕೊಬ್ಬ ಅಧ್ಯಕ್ಷನಾಗುವ ಕಡೆ, ಪಾತ್ರೆ ಯಾರದೆಂದು ಪಾತ್ರೆಯೇ ಹೇಳಬೇಕಾಗುತ್ತದೆ.

ಕ್ರಿ.ಪೂ. 404ರಲ್ಲಿ ಯುದ್ಧ ಸೋತ ಅಥೆನ್ಸಿನಲ್ಲಿ ಮೂವತ್ತು ಜನ ಅಧಿಕಾರ ಕಸಿದುಕೊಂಡರು. ಅವರು ಸಾಕ್ರೆಟಿಸನನ್ನೂ ಇನ್ನು ನಾಲ್ವರನ್ನೂ ಕರೆಸಿದ್ದು ಇದೇ ಥೋಲೋಸಿಗೆ. ಸಾಲಾಮಿಸಿನ ಲಿಯೋನನನ್ನು ಹಿಡಿದು ತನ್ನಿ, ಅವನನ್ನು ಕೊಲ್ಲಬೇಕು ಎಂದು ಅಪ್ಪಣೆ. ನಾಲ್ವರು ಹೊರಟರು. ಸಾಕ್ರೆಟಿಸ್ ಸುಮ್ಮನೆ ಮನೆಗೆ ಹೋದ ಎಂದು ಪ್ಲೇಟೋ ಬರೆದಿದ್ದಾನೆ. ಹಿಂದೊಮ್ಮೆ, ಕ್ರಿ.ಪೂ. 406ರಲ್ಲಿ, ಉಸ್ತುವಾರಿಯ 50 ಜನರಲ್ಲಿ ಅವನೂ ಒಬ್ಬನಾಗಿದ್ದ. ಆ ಬಟ್ಟಲುಗಳಲ್ಲಿ ಕುಡಿದೂ ಇರಬಹುದು.