ಎಂಜಿನ್ ಇಲ್ಲದ ಮನೆ

ಹಳೇ ಡೀಸೆಲ್ ಪಿಕಪ್ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತುವ ಅಮೆರಿಕದವರ ಫೋಟೋ ನೋಡಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಮೈಸೂರಿನ ರೈಲು ಮ್ಯೂಸಿಯಂ. 1979ರಲ್ಲಿ ಶುರುವಾದ ಈ ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲಾ ಇವೆ. ಇಲ್ಲದ್ದು ಎಂಜಿನ್ ಒಂದೇ!

ರಸ್ತೆಯ ಕ್ಯಾರವಾನ್ ತನ್ನ ಭಾರದ ಒಂದು ಪಾಲನ್ನು ಎಳೆಯುವ ಗಾಡಿಯ ಬೆನ್ನಿಗೆ ಹೊರಿಸುತ್ತದೆ. ರೈಲಿನ ಸಲೂನ್ ಹಾಗಲ್ಲ, ಅದರ ಭಾರವೆಲ್ಲ ಅದರ ಗಾಲಿಗಳ ಮೇಲೇ. ಮುಂದಿನ ಉಗಿಬಂಡಿ ಎಳೆದರೆ ಸಾಕು.

ಆ ಇಸವಿಯನ್ನು ಸ್ವಲ್ಪ ಗಮನಿಸಿ. 1894ರಲ್ಲಿ ಚಾಮರಾಜೇಂದ್ರ ಒಡೆಯರ್ ತೀರಿಕೊಂಡಾಗ ನಾಲ್ವಡಿಯವರು ಇನ್ನೂ ಹುಡುಗ. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯದ ಹೊಣೆ ಹೊತ್ತವರು ತಾಯಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿವಿಲಾಸ ಸನ್ನಿಧಾನ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೊಸದು ಮುಗಿದದ್ದು 1912ಕ್ಕೆ. ಅಂದರೆ ಈ ಓಡಾಡುವ ಮನೆ ಸಿದ್ಧವಾದಾಗ ಊರಿನ ಅರಮನೆಯೇ ಇನ್ನೂ ಎದ್ದಿರಲಿಲ್ಲ...

ಸರಿ, ಹಳಿ ಬಂದದ್ದು ಹೇಗೆ? 1876-78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಹಿಡಿದ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಾದಿಯೂ ಒಂದು. ಅದು ಮೈಸೂರು ಮುಟ್ಟಿದ್ದು 1882ರಲ್ಲಿ. ಮಹಾರಾಣಿಯ ಮನೆ ಉರುಳುವ ಮೊದಲು ಹೊಟ್ಟೆಗಿಲ್ಲದವರು ಮಣ್ಣು ಹೊತ್ತಿದ್ದರು.

ಸಲೂನ್ ನೋಡಲು ಹೋದರೆ ಬರೀ ಒಳಗಿನ ವೈಭವ ನೋಡಿ ಬರಬೇಡಿ. ಅದರ ಗಾಲಿಯ ಕೆಳಗೂ ಒಮ್ಮೆ ಕಣ್ಣು ಹಾಯಿಸಿ. ನೀವು ನೋಡಿದ್ದೀರಾ?