ಚಂದ್ರದ್ರೋಣ ತಪ್ಪಲಿನ ಗಿರಿಧಾಮ ಮತ್ತು ಪಟ್ಟಣಗಳು

ಚಂದ್ರದ್ರೋಣ ಅಥವಾ ಬಾಬಾಬುಡನ್ ಗಿರಿಶ್ರೇಣಿಯು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯಲ್ಲಿರುವ, ಕುದುರೆಲಾಳದ ಆಕಾರದ ಪರ್ವತಸಾಲು. ಈ ಬಾಗಿದ ಸಾಲಿನ ಒಳಗೆ ಜಾಗರ ಕಣಿವೆಯಿದೆ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಮತ್ತು ಬಾಬಾಬುಡನ್‌ಗಿರಿ ಇದೇ ಸಾಲಿಗೆ ಸೇರಿವೆ. ಉತ್ತರದ ಅಂಚಿನಲ್ಲಿ ಕೆಮ್ಮಣ್ಣುಗುಂಡಿ ಗಿರಿಧಾಮವಿದೆ. ಸಾಲಿನ ಪೂರ್ವ ಹಾಗೂ ಈಶಾನ್ಯಕ್ಕೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಪಟ್ಟಣಗಳೂ ಅಂತರಘಟ್ಟೆಯಂತಹ ಗ್ರಾಮಗಳೂ ಹರಡಿಕೊಂಡಿವೆ. ಗಿರಿಗೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಜನರು ಈ ಪಟ್ಟಣಗಳನ್ನು ರೈಲು ಇಳಿಯುವ, ಬಸ್ಸು ಬದಲಿಸುವ ಜಾಗಗಳೆಂದಷ್ಟೇ ಬಲ್ಲರು. ಆದರೆ ಗಿರಿಧಾಮದ ಇತಿಹಾಸವನ್ನು ಈ ಬಯಲಿನ ಊರುಗಳಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಚಾರಿತ್ರಿಕ ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಈ ಸೀಮೆಯು ಮೈಸೂರು ಒಡೆಯರ ಆಳ್ವಿಕೆಗೆ ಒಳಪಟ್ಟಿತು. ತೆರಿಗೆಯ ಹೊರೆಯಿಂದ ಬೇಸತ್ತ ರೈತರು 1830–31ರಲ್ಲಿ ನಗರ ಪ್ರಾಂತ್ಯದಲ್ಲಿ ದಂಗೆಯೆದ್ದಾಗ ತರೀಕೆರೆಯ ಪಾಳೆಯಗಾರ ವಂಶದ ಸರ್ಜಾ ಹನುಮಪ್ಪ ನಾಯಕನು ಅದರಲ್ಲಿ ಸೇರಿಕೊಂಡು, ಬೆಟ್ಟದ ಮೇಲಿನ ಕಲ್ದುರ್ಗ ಮತ್ತು ಕಾಮನದುರ್ಗ ಕೋಟೆಗಳನ್ನು ಹಿಡಿದನು. ಈ ದಂಗೆಯನ್ನೇ ಮುಖ್ಯ ಕಾರಣವಾಗಿ ಮುಂದೊಡ್ಡಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಕಮಿಷನರುಗಳ ಆಳ್ವಿಕೆಯು 1881ರವರೆಗೆ, ಅರ್ಧ ಶತಮಾನ ಕಾಲ ನಡೆಯಿತು. ಇಡೀ ಸಂಸ್ಥಾನದ ರಾಜಕೀಯ ತಿರುವಿಗೆ ಈ ಸೀಮೆಯ ಬೆಟ್ಟದ ಕೋಟೆಗಳೂ ಕಾರಣವಾದವೆಂಬುದನ್ನು ಇಲ್ಲಿಗೆ ಬರುವವರು ಅಷ್ಟಾಗಿ ಗಮನಿಸುವುದಿಲ್ಲ.

ಇಂದಿನ ಚಿಕ್ಕಮಗಳೂರು ಜಿಲ್ಲೆಯು 1863ರಲ್ಲಿ ರೂಪುಗೊಂಡಾಗ ಅದರ ಹೆಸರು ಕಡೂರು ಜಿಲ್ಲೆ ಎಂದಿತ್ತು. ಜಿಲ್ಲಾ ಕೇಂದ್ರವು ಬೇಗನೆ ಚಿಕ್ಕಮಗಳೂರಿಗೆ ಸ್ಥಳಾಂತರಗೊಂಡರೂ ಹಳೆಯ ಹೆಸರು 1947ರವರೆಗೆ ಉಳಿಯಿತು. ಬೆಂಗಳೂರು–ಹರಿಹರ ರೈಲುಮಾರ್ಗವು 1889ರಲ್ಲಿಯೂ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಮಾರ್ಗವು 1899ರಲ್ಲಿಯೂ ತೆರೆಯಲ್ಪಟ್ಟವು. ಬೀರೂರು ಜಂಕ್ಷನ್ ಆದದ್ದೂ ತರೀಕೆರೆಗೆ ರೈಲು ಬಂದದ್ದೂ ಹೀಗೆ. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದು ಮಾತ್ರ 2013ರಲ್ಲಿ.

ಕೆಮ್ಮಣ್ಣುಗುಂಡಿ

ಕೆಂಪು ಮಣ್ಣಿನ ಗುಂಡಿ ಎಂಬುದೇ ಹೆಸರಿನ ಅರ್ಥ. ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿರುವ ಈ ಸ್ಥಳವು ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಲಿಂಗದಹಳ್ಳಿಯ ಮೂಲಕ ಘಟ್ಟದ ರಸ್ತೆಯಲ್ಲಿ ತಲುಪಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಇದನ್ನು ಬೇಸಿಗೆಯ ವಿಶ್ರಾಂತಿಧಾಮವಾಗಿ ಬೆಳೆಸಿದರು. ಆದ್ದರಿಂದಲೇ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಇದೆ. ಮುಂದೆ ಇದು ಸರ್ಕಾರಕ್ಕೆ ಸೇರಿ, ಈಗ ತೋಟಗಾರಿಕಾ ಇಲಾಖೆಯ ಸುಪರ್ದಿಯಲ್ಲಿದೆ.

ಉದಕಮಂಡಲ, ಶಿಮ್ಲಾ, ಮಸ್ಸೂರಿಗಳಂತೆ ಇದು ಇಂಗ್ಲಿಷ್ ಅಧಿಕಾರಿಗಳು ತಮ್ಮ ಅನುಕೂಲಕ್ಕೆ ಕಟ್ಟಿದ ಊರಲ್ಲ. ಅಲ್ಲಿರುವಂತಹ ದೊಡ್ಡ ಪೇಟೆ ಬೀದಿಯಾಗಲಿ, ಕ್ಲಬ್ಬಾಗಲಿ, ಸಾಲುಸಾಲು ಬಂಗಲೆಗಳಾಗಲಿ ಇಲ್ಲಿಲ್ಲ. ಅತಿಥಿಗೃಹಗಳು, ಅಲಂಕಾರಿಕ ತೋಟ, ಗುಲಾಬಿ ವನ ಇಷ್ಟೇ ಇಲ್ಲಿನ ಕಟ್ಟಡ–ಉದ್ಯಾನಗಳ ವಿಸ್ತಾರ. ಗಿರಿಧಾಮವೆಂದರೆ ಅಂಗಡಿಸಾಲು ಎಂದು ಭಾವಿಸಿ ಬಂದವರಿಗೆ ನಿರಾಸೆಯಾಗುವುದುಂಟು. ಸ್ಥಳದ ಸೊಗಸು ಉಳಿದಿರುವುದು ಬಹುಮಟ್ಟಿಗೆ ಈ ಕೊರತೆಯಿಂದಲೇ.

ಹೆಸರಿನಲ್ಲಿರುವ ಕೆಮ್ಮಣ್ಣು ಕಬ್ಬಿಣದ ಅದಿರಿನ ಗುರುತು. ಮೈಸೂರು ಸಂಸ್ಥಾನವು ಬೆಂಕಿಪುರದಲ್ಲಿ, ಅಂದರೆ ಇಂದಿನ ಭದ್ರಾವತಿಯಲ್ಲಿ, ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಕಾರ್ಖಾನೆಗೆ ಅದಿರು ಒದಗಿದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿನಿಂದ ತಣಿಗೆಬೈಲಿನವರೆಗೆ ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿಯೂ, ಅಲ್ಲಿಂದ ಮುಂದೆ ಕಿರಿದಾದ ಹಳಿಗಳ ಟ್ರಾಮ್ ಮಾರ್ಗದಲ್ಲಿಯೂ ಅದಿರು ಸಾಗುತ್ತಿತ್ತು. ಮೊದಲ ವರ್ಷಗಳಲ್ಲಿ ಕುಲುಮೆಗೆ ಉರುವಲಾಗಿ ಬಳಕೆಯಾದದ್ದು ಮಲೆನಾಡಿನ ಕಾಡುಮರಗಳ ಇದ್ದಿಲು. ಹೀಗೆ ಒಂದೇ ಬೆಟ್ಟದಲ್ಲಿ ಒಂದು ಕಡೆ ಅರಸರ ಹೂದೋಟ, ಇನ್ನೊಂದು ಕಡೆ ಗಣಿ ಎರಡೂ ನಡೆದವು. ಸಂಸ್ಥಾನದ ಕೈಗಾರಿಕೀಕರಣದ ಹಿರಿಮೆಯನ್ನು ಬರೆಯುವಾಗ ಈ ಕಾಡು ತೆತ್ತ ಬೆಲೆಯನ್ನು ಬಿಟ್ಟುಬಿಡುವುದು ವಾಡಿಕೆ. ಇಲ್ಲಿನ ಗಣಿಗಾರಿಕೆ ಈಗ ನಿಂತಿದೆ.

ಗಿರಿಧಾಮದಿಂದ ಸುಮಾರು 10 ಕಿ.ಮೀ. ದೂರದಲ್ಲಿರುವ ಕಲ್ಹತ್ತಿಗಿರಿಯಲ್ಲಿ ಬಂಡೆಗಳ ನಡುವೆ ವೀರಭದ್ರೇಶ್ವರ ದೇವಾಲಯವಿದ್ದು, ಜಲಪಾತದ ನೀರು ದೇವಾಲಯದ ಮುಂದೆಯೇ ಧುಮುಕುತ್ತದೆ. ಹೆಬ್ಬೆ ಜಲಪಾತವು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಬೀಳುತ್ತದೆ. ಕಾಡು ಮತ್ತು ಕಾಫಿತೋಟಗಳ ನಡುವಿನ ಇಲ್ಲಿನ ದಾರಿ ಜೀಪಿಗೆ ಮಾತ್ರ ಸಾಧ್ಯ. ಕೊನೆಯ ಭಾಗವನ್ನು ಹಳ್ಳ ದಾಟುತ್ತ ನಡೆದೇ ಕ್ರಮಿಸಬೇಕು. ಸೂರ್ಯೋದಯ ವೀಕ್ಷಣೆಗೆ ಹೆಸರಾದ ಝೆಡ್ ಪಾಯಿಂಟ್‌ಗೆ ಕಡಿದಾದ ಕಾಲುದಾರಿಯಿದೆ.

ಕಾಫಿ

ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದವರು ಸೂಫಿ ಸಂತ ಬಾಬಾಬುಡನ್ ಎಂಬುದು ಪರಂಪರೆಯಿಂದ ಬಂದ ನಂಬಿಕೆ. ಕಾಲ 17ನೆಯ ಶತಮಾನ. ದೊಡ್ಡ ಪ್ರಮಾಣದ ತೋಟಗಳು 19ನೆಯ ಶತಮಾನದಲ್ಲಿ ಯುರೋಪಿಯನ್ನರಿಂದ ಆರಂಭವಾದವು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪಿತವಾದ ಪ್ರಯೋಗ ಕೇಂದ್ರವು ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಸಂತನ ಗುಹೆಯು ದತ್ತಾತ್ರೇಯ ಪೀಠವೆಂದೂ ದರ್ಗಾ ಎಂದೂ ಎರಡೂ ಸಮುದಾಯಗಳಿಗೆ ಪವಿತ್ರವಾಗಿದ್ದು, ಅದರ ಆಡಳಿತ ಮತ್ತು ಪೂಜಾವಿಧಿಗಳ ವಿವಾದ ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದಿದೆ.

ಅಜ್ಜಂಪುರ ಮತ್ತು ಅಂತರಘಟ್ಟೆ

ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದ ಅಜ್ಜಂಪುರವು ಈಗ ಪ್ರತ್ಯೇಕ ತಾಲ್ಲೂಕು. ಇಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವು ನಾಡಿನ ಹಳೆಯ ಸಂಸ್ಥೆಗಳಲ್ಲೊಂದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಹೈದರಾಲಿಯು ಇದೇ ಎತ್ತುಗಳನ್ನು ತೋಪು, ಮದ್ದುಗುಂಡುಗಳ ಸಾಗಣೆಗೆ ಬಳಸಿದನು. ಟಿಪ್ಪು ಸುಲ್ತಾನನು ಇಲಾಖೆಯನ್ನು ಅಮೃತಮಹಲ್ ಎಂದು ಕರೆದನು. 1799ರ ನಂತರ ಹಿಂಡುಗಳು ಬ್ರಿಟಿಷ್ ಸೈನ್ಯದ ವಶವಾದವು. 1860ರಲ್ಲಿ ಖರ್ಚು ಉಳಿಸಲೆಂದು ಮದರಾಸು ಸರ್ಕಾರವು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ತೋಪೆಳೆಯಲು ಅಂಥ ಎತ್ತುಗಳು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ನೂರಾರು ವರ್ಷಗಳ ಆಯ್ಕೆಯಿಂದ ಬಂದ ತಳಿಯನ್ನು ಲೆಕ್ಕಪತ್ರದ ಒಂದು ಸಾಲಿನಲ್ಲಿ ಕಳೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದೊರೆಯುವುದು ಕಷ್ಟ.

ಬೂದು ಮೈಬಣ್ಣ, ಹಿಂದಕ್ಕೆ ಬಾಗಿ ತುದಿಯಲ್ಲಿ ಮೊನಚಾದ ಉದ್ದ ಕೊಂಬು, ಬಿಗಿಯಾದ ಮೈಕಟ್ಟು ಈ ತಳಿಯ ಲಕ್ಷಣಗಳು. ಹಾಲು ಕಡಿಮೆ, ಓಟ ಮತ್ತು ತಾಳಿಕೆ ಹೆಚ್ಚು. ಹಿಂಡುಗಳು ಋತುವಿಗೆ ತಕ್ಕಂತೆ ಕಾವಲುಗಳೆಂಬ ಮೀಸಲು ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದವು. ಸ್ವಾತಂತ್ರ್ಯಾನಂತರ ಕಾವಲುಗಳ ಬಹುಭಾಗ ಸಾಗುವಳಿಗೂ ಇತರ ಯೋಜನೆಗಳಿಗೂ ಹೋಗಿ, ಉಳಿದಿರುವುದು ಅಲ್ಪ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿಗೆ ಬೇಡಿಕೆ ಕುಗ್ಗಿತು. ಹುಲ್ಲುಗಾವಲು ಹೋದರೆ ದನವಷ್ಟೇ ಅಲ್ಲ, ಅದನ್ನು ನೆಚ್ಚಿದ ಕೃಷ್ಣಮೃಗ ಮತ್ತು ಬಯಲು ಹಕ್ಕಿಗಳಿಗೂ ನೆಲೆ ತಪ್ಪುತ್ತದೆ.

ಅಜ್ಜಂಪುರಕ್ಕೆ ಸಮೀಪದ ಅಂತರಘಟ್ಟೆಯು ಅಂತರಘಟ್ಟಮ್ಮ ಅಥವಾ ದುರ್ಗಾಂಬಾ ದೇವಿಯ ಕ್ಷೇತ್ರ. ಜಾತ್ರೆಗೆ ಸುತ್ತಲಿನ ಹಳ್ಳಿಗಳ ಭಕ್ತರು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಬರುವುದು ರೂಢಿ. ಪಾನಕದ ಗಾಡಿಗಳ ಓಟ ನೋಡಲೆಂದೇ ಜನ ಸೇರುತ್ತಾರೆ. ಓಟದ ಎತ್ತಿಗೆ ಈ ಸೀಮೆಯಲ್ಲಿ ಇನ್ನೂ ಬೆಲೆಯಿರುವುದಕ್ಕೆ ಇಂತಹ ಜಾತ್ರೆಗಳೂ ಕಾರಣ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಹೊರಗೋಡೆಯ ರಾಮಾಯಣ, ಮಹಾಭಾರತ ಮತ್ತು ಭಾಗವತದ ಶಿಲ್ಪಫಲಕಗಳನ್ನು ನೋಡಲು ಅರ್ಧ ದಿನವಾದರೂ ಬೇಕು.

ಪ್ರವಾಸದ ಕಾಲ ಮತ್ತು ಮಾರ್ಗ

ಬೀರೂರು ಅಥವಾ ಕಡೂರಿನಲ್ಲಿ ರೈಲಿನಿಂದ ಇಳಿದು ಅಜ್ಜಂಪುರ, ಅಮೃತಾಪುರ, ತರೀಕೆರೆ, ಲಿಂಗದಹಳ್ಳಿ, ಕಲ್ಹತ್ತಿಗಿರಿ, ಕೆಮ್ಮಣ್ಣುಗುಂಡಿ ಎಂಬ ಕ್ರಮದಲ್ಲಿ ಹೋದರೆ ಬಯಲಿನಿಂದ ಮಲೆಗೆ ಏರುವ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಮಂಜು, ಇಂಬಳಗಳ ಕಾಟ, ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿತದ ಅಪಾಯ ಇರುತ್ತವೆ. 12 ವರ್ಷಗಳಿಗೊಮ್ಮೆ ಹೂಬಿಡುವ ಕುರಿಂಜಿಯ ಕಾಲದಲ್ಲಿ ಗಿರಿಯ ರಸ್ತೆಗಳಲ್ಲಿ ವಾಹನಗಳು ಕಿಕ್ಕಿರಿಯುತ್ತವೆ.

ಪರಿಸರ ಮತ್ತು ನೀರು

ಗಿರಿಯ ಎತ್ತರದ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡುಗಳು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಪಶ್ಚಿಮಕ್ಕೆ ಹೊಂದಿಕೊಂಡಿರುವ ಭದ್ರಾ ಅಭಯಾರಣ್ಯವು 1998ರಿಂದ ಹುಲಿ ಯೋಜನೆಗೆ ಒಳಪಟ್ಟಿದೆ. ಒಳಗಿದ್ದ ಹಳ್ಳಿಗಳ ಕುಟುಂಬಗಳಿಗೆ ಹೊರಗೆ ಪುನರ್ವಸತಿ ಕಲ್ಪಿಸಲಾಯಿತು. ವಾಹನದಟ್ಟಣೆ, ಪ್ಲಾಸ್ಟಿಕ್ ಕಸ, ಇಳಿಜಾರಿನಲ್ಲಿ ಏಳುತ್ತಿರುವ ವಸತಿಗೃಹಗಳು ಈಗಿನ ಮುಖ್ಯ ಆತಂಕಗಳು.

ಈ ಆತಂಕ ಗಿರಿಗಷ್ಟೇ ಸೀಮಿತವಲ್ಲ. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಹೊಳೆಯು ಸಖರಾಯಪಟ್ಟಣದ ಅಯ್ಯನಕೆರೆಯನ್ನೂ, ಅವತಿಯು ಮದಗದ ಕೆರೆಯನ್ನೂ ತುಂಬಿ, ಎರಡೂ ಕೂಡಿ ವೇದಾವತಿಯಾಗಿ ಕಡೂರಿನ ಮೂಲಕ ಹರಿದು ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಮಳೆ ಕಡಿಮೆಯಿರುವ ಕಡೂರು ಸೀಮೆಯ ತೆಂಗು ಮತ್ತು ಅಡಿಕೆ ತೋಟಗಳಲ್ಲಿ ಎಷ್ಟೋ ಈ ಕೆರೆಗಳ ನೀರನ್ನು ನಂಬಿವೆ.